ತಾರೀಖು ಬೇರೆ, ಷರಾ ಬೇರೆ: ಮೆಣಸಿನಕಾಯಿ ಲೆಕ್ಕದಲ್ಲಿ ನಾನು ಮಾಡಿದ್ದು

ಬ್ಯಾಡಗಿಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. 2024ರ ಸೀಜನ್ ಮುಗಿದ ಮೇಲೆ ರೈತರವಾರು ಪಟ್ಟಿ ತೆಗೆಯಲು ಕೂತಾಗ ಎಕ್ಸೆಲ್ ಹಾಳೆಯ 'ಮಾರಾಟದ ದಿನ' ಕಾಲಮ್ಮು ಅಡ್ಡ ಬಂತು. ಒಂದು ಸೆಲ್ಲಿನಲ್ಲಿ ತಾರೀಖು, ಇನ್ನೊಂದರಲ್ಲಿ 'ರೇಟ್ ಒಪ್ಪಲಿಲ್ಲ', ಮತ್ತೊಂದರಲ್ಲಿ 'ಹಸಿ ಐತಿ, ಒಣಗಿಸಿ ತರ್ತಾರ'. ಎಂಟ್ರಿ ಮಾಡಿದವರು ಮೂರು ಜನ. ಸಾರ್ಟ್ ಮಾಡಿದರೆ ಅರ್ಧಕ್ಕರ್ಧ ಸಾಲು ತಳಕ್ಕೆ ಹೋಗಿ ಕೂರುತ್ತಿದ್ದವು.

ಎಕ್ಸೆಲ್ ಪಾಲಿಗೆ ತಾರೀಖು ಅಂದರೆ ಬರೀ ಒಂದು ಸಂಖ್ಯೆ. 1900ರ ಜನವರಿ 1ಕ್ಕೆ 1 ಅಂತ ಶುರುವಾದ ಅದರ ಎಣಿಕೆಯಲ್ಲಿ 2024ರ ಜನವರಿ 1 ಎಂದರೆ 45292. ಹಾಗಾಗಿ ಹಾಳೆಯ ಪ್ರತಿ ತೆಗೆದು, ಪಕ್ಕದ ಕಾಲಮ್ಮಿನಲ್ಲಿ ಇಸ್‌ನಂಬರ್ (ಸೆಲ್ಲಿನಲ್ಲಿ ಇರುವುದು ಸಂಖ್ಯೆಯೇ ಎಂದು ನೋಡುವ ಫಾರ್ಮುಲಾ) ಹಾಕಿ ಸಂಖ್ಯೆ ಇದ್ದದ್ದನ್ನು ಮಾತ್ರ ಎತ್ತಿಕೊಂಡೆ. ಅದರಾಚೆಯ 'ಷರಾ' ಕಾಲಮ್ಮಿಗೆ ಅಕ್ಷರ ಇದ್ದದ್ದನ್ನು ಎತ್ತುವ ಇಸ್‌ಟೆಕ್ಸ್ಟ್ ಹಾಕಿದೆ. ಒಂದು ಸಾಲಿನಲ್ಲಿ 1932ರ ನವೆಂಬರ್ 7 ಬಂತು. ನೋಡಿದರೆ ಯಾರೋ ಮುಂಗಡದ 12000 ರೂಪಾಯಿಯನ್ನು ಅಲ್ಲಿ ಬರೆದಿದ್ದರು. ಆಮೇಲೆ ಡಿಸೆಂಬರ್ 1ರಿಂದ ಮೇ 31ರೊಳಗಿನ ಸಂಖ್ಯೆ ಮಾತ್ರ ತಾರೀಖು ಎಂದು ಮಿತಿ ಹಾಕಿದೆ.

ಷರಾ ಕಡೆಗೂ ತಾರೀಖುಗಳು ಸೇರಿಕೊಂಡಿದ್ದವು. 14.03.2024 ಎಂದು ಚುಕ್ಕಿ ಇಟ್ಟು ಬರೆದದ್ದು ನಮ್ಮ ಕಂಪ್ಯೂಟರಿಗೆ ಬರೀ ಅಕ್ಷರ. ಆ ಕಾಲಮ್ಮನ್ನು ವ್ಯಾಲ್ಯೂ ಆಗಿ (ಫಾರ್ಮುಲಾ ಬಿಟ್ಟು ಅದರ ಉತ್ತರ ಮಾತ್ರ) ಪೇಸ್ಟ್ ಮಾಡಿ, ಒಂದು ಕಾಲಮ್ಮನ್ನು ತುಂಡು ಮಾಡುವ ಎಕ್ಸೆಲ್‌ನ ಟೆಕ್ಸ್ಟ್ ಟು ಕಾಲಮ್ಸ್‌ನ ಕೊನೆಯ ಹಂತದಲ್ಲಿ ಡೇಟ್, ಡಿಎಂವೈ (ದಿನ, ತಿಂಗಳು, ವರ್ಷ) ಆರಿಸಿದೆ. ಅದಕ್ಕಿಂತ ಮುಂಚಿನ ಹಂತದಲ್ಲಿ ಎಲ್ಲ ಟಿಕ್ ತೆಗೆದಿರಬೇಕು, ಇಲ್ಲದಿದ್ದರೆ ಸ್ಪೇಸ್ ಇದ್ದಲ್ಲೆಲ್ಲ ಷರಾ ತುಂಡಾಗುತ್ತದೆ. '14/03ಕ್ಕ ಕೋಲ್ಡ್ ಸ್ಟೋರೇಜಿಂದ ತೆಗೆದದ್ದು' ಎಂಬಂಥವನ್ನು ಕಣ್ಣಾರೆ ಓದಿ ಕೈಯಿಂದಲೇ ತುಂಬಿದೆ. ಅಂಥವಕ್ಕೆ ಫಾರ್ಮುಲಾ ಹುಡುಕುತ್ತ ಕೂರಬಾರದು.

ನಿಜವಾದ ತೊಂದರೆ ಇದ್ದದ್ದು ತಾರೀಖಾಗಿ ಪಾಸಾದವುಗಳಲ್ಲಿ. ಹೊಸ ಕಂಪ್ಯೂಟರಿನಲ್ಲಿ ಅಮೆರಿಕದ ಸೆಟ್ಟಿಂಗ್ ಇತ್ತು, ತಿಂಗಳು ಮೊದಲು. 14/03 ಬರೆದರೆ ಹದಿನಾಲ್ಕನೇ ತಿಂಗಳು ಇಲ್ಲವಲ್ಲ, ಅದು ಅಕ್ಷರವಾಗಿ ಉಳಿಯುತ್ತಿತ್ತು. 07/03 ಮಾತ್ರ ಸದ್ದಿಲ್ಲದೆ ಜುಲೈ 3 ಆಗುತ್ತಿತ್ತು. ಜುಲೈ ನಮ್ಮ ಮಿತಿಯ ಹೊರಗಿದ್ದದ್ದರಿಂದ ಸಿಕ್ಕಿತು. 04/03 ಏಪ್ರಿಲ್ 3 ಆಗಿತ್ತು, ಅದು ಬುಧವಾರ. ನಮ್ಮಲ್ಲಿ ಟೆಂಡರ್, ಅಂದರೆ ಮಾಲಿಗೆ ರೇಟು ಕೂಗುವ ದಿನ, ಸೋಮವಾರ, ಗುರುವಾರ. ವಾರ ತೋರಿಸುವ ಇನ್ನೊಂದು ಕಾಲಮ್ ಮಾಡಿ ಅಂಥವನ್ನೂ ಹಿಡಿದೆ.

ಇಷ್ಟಾದ ಮೇಲೆ ಪಟ್ಟಿ ಕೊಡಲು ಶುರು ಮಾಡಿದೆ. ಒಬ್ಬ ಹಿರಿಯ ರೈತರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, "ತಮ್ಮಾ, ಮೇದಾಗ ನಾ ಇಲ್ಲಿಗೆ ಬಂದೇ ಇಲ್ಲ. ಬನದ ಹುಣ್ಣಿಮಿ ಆಗಿ ಎರಡನೇ ಸೋಮವಾರ ಕೊಟ್ಟ ಮಾಲು ಇದು" ಅಂದರು. ಹಾಳೆಯಲ್ಲಿ ಮೇ 2 ಇತ್ತು. ಅದು ಸಂಖ್ಯೆಯೇ, ಸೀಜನ್ನಿನ ಒಳಗೇ, ಮೇಲಾಗಿ ಗುರುವಾರ. ನಾನು ಹಾಕಿದ ಮೂರು ಪರೀಕ್ಷೆಯಲ್ಲೂ ಪಾಸು. ಬಿಲ್ ಬುಕ್ಕು ತೆಗೆಸಿದೆ. ಕೈಬರಹದಲ್ಲಿ 05/02, ಸೋಮವಾರ. ಬನದ ಹುಣ್ಣಿಮೆ ಜನವರಿ 25ಕ್ಕೆ ಆಗಿತ್ತು. ಅವರು ಹೇಳಿದ ಲೆಕ್ಕ ಒಂದು ದಿನವೂ ತಪ್ಪಿರಲಿಲ್ಲ. ರೇಟು ಟೆಂಡರಿನಿಂದ ಟೆಂಡರಿಗೆ ಬದಲಾಗುವ ಮಾಲಿನಲ್ಲಿ ತಾರೀಖು ತಪ್ಪಿದರೆ ರೈತರಿಗೆ ರೇಟಿನ ಮೇಲೂ ಅನುಮಾನ ಬರುತ್ತದೆ. ನನಗೆ ಅದು ಬಹಳ ನೋವಾಯಿತು.

ಅಂದೇ ಇಡೀ ಹಾಳೆಯನ್ನು ಬಿಲ್ ನಂಬರಿನ ಪ್ರಕಾರ ಜೋಡಿಸಿ, ಮೇಲಿನ ಸಾಲಿಗಿಂತ ತಾರೀಖು ಹಿಂದೆ ಬಿದ್ದಲ್ಲೆಲ್ಲ ಬಣ್ಣ ಬರುವಂತೆ ಮಾಡಿದೆ. ಹಿಂದೆಮುಂದೆ ನೋಡಿದಾಗ ಆ ಸೋಮವಾರದ ಇನ್ನೂ ಹನ್ನೊಂದು ಬಿಲ್ ಮೇ 2ಕ್ಕೆ ಹೋಗಿದ್ದವು. ಬಿಲ್ ಬುಕ್ಕಿನಲ್ಲಿ ಖಾತ್ರಿ ಮಾಡಿಕೊಂಡ ಸಾಲುಗಳಲ್ಲಿ ಮಾತ್ರ ಡೇಟ್ ಫಾರ್ಮುಲಾದಿಂದ ದಿನ, ತಿಂಗಳು ಅದಲುಬದಲು ಮಾಡಿದೆ. ಕಂಪ್ಯೂಟರಿನ ಸೆಟ್ಟಿಂಗ್ ಇಂಡಿಯಾಕ್ಕೆ ಬದಲಿಸಿದೆ. ಮರುದಿನ ಬಸ್ಸಿಗೆ ಮುಂಚೆ ಆ ಹಿರಿಯರ ಕೈಗೆ ಫೆಬ್ರವರಿ 5ರ ತಾರೀಖಿನ ಹೊಸ ಪಟ್ಟಿ ಕೊಟ್ಟೆ.