ಎಪಿ ಇಂಗ್ಲಿಷ್ ಬೇಕಾ, ಬೇಡವಾ? ಫಾರ್ಮ್ ತುಂಬುವ ಮುಂಚೆ ಒಂದು ಸಂಜೆ ಕೊಡಿ

ಅಮೆರಿಕದಲ್ಲಿ ಹೈಸ್ಕೂಲ್ ಮಕ್ಕಳಿರುವ ಕನ್ನಡದ ಮನೆಗಳಲ್ಲಿ ಸಂಕ್ರಾಂತಿಯ ಎಳ್ಳುಬೆಲ್ಲ ಖಾಲಿಯಾಗುವ ಹೊತ್ತಿಗೆ ಇನ್ನೊಂದು ಗಡಿಬಿಡಿ ಶುರುವಾಗುತ್ತದೆ. ಮುಂದಿನ ವರ್ಷಕ್ಕೆ ಯಾವ ಕೋರ್ಸ್ ಎಂದು ಕೇಳಿ ಶಾಲೆಯಿಂದ ಫಾರ್ಮ್ ಬರುತ್ತದೆ. ಗಣಿತ, ಫಿಸಿಕ್ಸ್ ಆದರೆ ಕಣ್ಣುಮುಚ್ಚಿ ಎಪಿ, ಅಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸ್, ಎಂದು ಟಿಕ್ ಹಾಕುತ್ತಾರೆ. ಇಂಗ್ಲಿಷ್ ಬಂದಾಗ ಪೆನ್ನು ನಿಲ್ಲುತ್ತದೆ. ವಾಟ್ಸಾಪ್ ಗ್ರೂಪಿನಲ್ಲಿ ಕೇಳುತ್ತಾರೆ. ಯಾರದೋ ಮಗಳು ತಗೊಂಡಳಂತೆ ಎಂದು ಗೊತ್ತಾದ ಕೂಡಲೇ ಅಲ್ಲೂ ಟಿಕ್ ಬೀಳುತ್ತದೆ. ದೊಡ್ಡ ಮಗನ ವಿಷಯದಲ್ಲಿ ನಾನೂ ಹಾಗೇ ಮಾಡಿದೆ. ಆ ವರ್ಷವಿಡೀ ರಾತ್ರಿ ಒಂದು ಗಂಟೆಯಾದರೂ ಅವನ ಕೋಣೆಯ ಲೈಟ್ ಆರುತ್ತಿರಲಿಲ್ಲ. ಮಗಳ ಸರದಿ ಬರುವಷ್ಟರಲ್ಲಿ ನನಗೆ ಬುದ್ಧಿ ಬಂದಿತ್ತು.

ಮೊದಲು, ಯಾವ ಇಂಗ್ಲಿಷ್ ಎಂದು ನೋಡಿ. ಎಪಿ ಇಂಗ್ಲಿಷ್ ಎರಡಿವೆ. ಒಂದು ಲ್ಯಾಂಗ್ವೇಜ್, ಮಕ್ಕಳ ಬಾಯಲ್ಲಿ 'ಲ್ಯಾಂಗ್'. ಸಾಮಾನ್ಯವಾಗಿ 11ನೇ ಕ್ಲಾಸಿನಲ್ಲಿ. ಭಾಷಣ, ಪತ್ರ, ಲೇಖನ ಓದಿ ವಾದ ಕಟ್ಟುವ ಕೆಲಸ. ಇನ್ನೊಂದು ಲಿಟರೇಚರ್, ಅಂದರೆ 'ಲಿಟ್'. ಸಾಮಾನ್ಯವಾಗಿ 12ನೇ ಕ್ಲಾಸಿನಲ್ಲಿ. ಕವಿತೆ, ಕಾದಂಬರಿ, ನಾಟಕ. ಎರಡಕ್ಕೂ ಮೇ ತಿಂಗಳಲ್ಲಿ ಪರೀಕ್ಷೆ, 1ರಿಂದ 5ರವರೆಗೆ ಅಂಕ. ನನ್ನನ್ನು ಕೇಳಿದರೆ ಲ್ಯಾಂಗ್ ತಗೊಳ್ಳಿ. ಯಾರೂ ಹೇಳದೆ ತಾನಾಗೇ ಕಾದಂಬರಿ ಓದುವ ಮಗುವಾದರೆ ಮಾತ್ರ ಲಿಟ್.

ಎರಡನೆಯದು, ಕಾಲೇಜು ಏನು ಕೊಡುತ್ತದೆ ಎಂಬ ಲೆಕ್ಕ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ 3 ಬಂದರೂ ಕ್ರೆಡಿಟ್, ಅಂದರೆ ಡಿಗ್ರಿಯ ಲೆಕ್ಕಕ್ಕೆ ಜಮಾ ಆಗುವ ಯೂನಿಟ್‌ಗಳನ್ನು, ಕೊಡುತ್ತದೆ. ಆದರೆ ಎರಡೂ ಇಂಗ್ಲಿಷ್ ಬರೆದರೆ ಕ್ರೆಡಿಟ್ ಎರಡರಷ್ಟಾಗುವುದಿಲ್ಲ, ಒಂದಕ್ಕೆ ಸಿಗುವಷ್ಟೇ. ಅಲ್ಲಿ ಪ್ರವೇಶಕ್ಕೆ ನೋಡುವ ಜಿಪಿಎ, ಅಂದರೆ ಗ್ರೇಡುಗಳ ಸರಾಸರಿಯ ಲೆಕ್ಕಕ್ಕೆ 9ನೇ ಕ್ಲಾಸ್ ಮುಗಿದ ಬೇಸಿಗೆಯಿಂದ 11ನೇ ಕ್ಲಾಸ್ ಮುಗಿದ ಬೇಸಿಗೆವರೆಗಿನ ಗ್ರೇಡುಗಳು ಮಾತ್ರ ಬರುತ್ತವೆ. ಹಾಗಾಗಿ 12ರಲ್ಲಿ ಮಾಡುವ ಲಿಟ್‌ನಿಂದ ಆ ಜಿಪಿಎ ಒಂದು ಚೂರೂ ಏರುವುದಿಲ್ಲ. ಪ್ರಿನ್ಸ್‌ಟನ್‌ನಲ್ಲಂತೂ ಎಪಿಯಲ್ಲಿ 5 ಬಂದವರೂ ಮೊದಲ ವರ್ಷ ರೈಟಿಂಗ್ ಸೆಮಿನಾರ್ ಮಾಡಲೇಬೇಕು. ದುಡ್ಡು ಉಳಿಯುತ್ತದೆ ಎಂದು ಹೊರಟವರು ಇದನ್ನು ಮೊದಲು ನೋಡಿಕೊಳ್ಳಿ.

ಈಗ ಬಹಳ ಜನ ಎಡವುವ ಜಾಗ. ಮಗುವಿಗೆ ಇದು ಆಗುತ್ತದಾ ಎಂದು ತಿಳಿಯುವುದು ಹೇಗೆ? 'ಅವಳ ಇಂಗ್ಲಿಷ್ ಚೆನ್ನಾಗಿದೆ' ಎಂಬುದು ಉತ್ತರವಲ್ಲ. ಅಲ್ಲೇ ಹುಟ್ಟಿ ಬೆಳೆದ ಮಕ್ಕಳ ಇಂಗ್ಲಿಷ್ ಚೆನ್ನಾಗಿಲ್ಲದೆ ಇನ್ನೇನು?

ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ ತನ್ನ ವೆಬ್‌ಸೈಟಿನಲ್ಲಿ ಹಳೆಯ ಪ್ರಬಂಧದ ಪ್ರಶ್ನೆಗಳನ್ನು ಪುಕ್ಕಟೆ ಹಾಕಿದೆ. ಲ್ಯಾಂಗ್‌ನ ರೆಟರಿಕಲ್ ಅನಾಲಿಸಿಸ್, ಅಂದರೆ ಬರೆದವರು ಓದುಗರನ್ನು ಹೇಗೆ ಒಪ್ಪಿಸುತ್ತಾರೆ ಎಂದು ಬಿಡಿಸಿ ಹೇಳುವ ಪ್ರಶ್ನೆ ಒಂದನ್ನು ಇಳಿಸಿಕೊಳ್ಳಿ. ಊಟದ ಟೇಬಲ್ ಖಾಲಿ ಮಾಡಿ. 40 ನಿಮಿಷ, ಫೋನ್ ಬೇರೆ ಕೋಣೆಯಲ್ಲಿ. ಲ್ಯಾಪ್‌ಟಾಪ್‌ನಲ್ಲೇ ಟೈಪ್ ಮಾಡಲಿ, 2025ರಿಂದ ಪರೀಕ್ಷೆಯೂ ಕಂಪ್ಯೂಟರಿನಲ್ಲೇ. ಇಂಟರ್ನೆಟ್ ಬಂದ್ ಮಾಡಿ. ಚಾಟ್‌ಜಿಪಿಟಿ ಬರೆದುಕೊಟ್ಟರೆ ಚಾಟ್‌ಜಿಪಿಟಿಯ ಯೋಗ್ಯತೆ ಗೊತ್ತಾಗುತ್ತದೆ, ಅಷ್ಟೇ. ನೀವು ಹಿಂದೆ ನಿಂತು ಇಣುಕಬೇಡಿ.

ಪ್ರಬಂಧಕ್ಕೆ 6 ಅಂಕ. ನಿಲುವು ಹೇಳಿದ್ದಕ್ಕೆ 1, ಆಧಾರ ಕೊಟ್ಟು ಬಿಡಿಸಿ ಹೇಳಿದ್ದಕ್ಕೆ 4, ಚಿಂತನೆಯ ಆಳಕ್ಕೆ 1. ಮಕ್ಕಳು ಸೋಲುವುದು ಆ ನಾಲ್ಕರಲ್ಲಿ. ನಮ್ಮ ಮನೆಯದೇ ಒಂದು ಮಾತು ತೆಗೆದುಕೊಳ್ಳಿ. ಊಟಕ್ಕೆ ಬಾರದ ಮಗನಿಗೆ ಅಮ್ಮ ಅನ್ನುತ್ತಾಳೆ: 'ಬರ್ಬೇಡ ಬಿಡಪ್ಪ, ಅನ್ನ ಆರಿದ್ರೆ ಆರ್ಲಿ, ನಾನೂ ಹಾಗೇ ಮಲಗ್ತೀನಿ.' ಇದರ ಬಗ್ಗೆ 'ಅಮ್ಮ ಊಟಕ್ಕೆ ಕರೆದಳು' ಎಂದು ಬರೆದರೆ ಅದು ಸಾರಾಂಶ. 'ಅಮ್ಮ ಕೊಂಕು ಬಳಸಿದಳು' ಎಂದರೆ ಬರೀ ಹೆಸರಿಟ್ಟ ಹಾಗೆ. 'ಬಾ ಎಂದಿದ್ದರೆ ಮಗ ಆಮೇಲೆ ಬರ್ತೀನಿ ಅನ್ನಬಹುದಿತ್ತು. ಬರಬೇಡ ಎಂದಾಗ ಅಮ್ಮನ ಹಸಿವೂ ಅವನ ತಲೆಗೆ ಬಂತು, ಸಬೂಬು ಹೇಳಲು ಜಾಗವೇ ಉಳಿಯಲಿಲ್ಲ' ಎಂದು ಬರೆದರೆ ಯಾಕೆ ಎಂಬುದು ಬಂತು. ಅಂಕ ಇರುವುದು ಅಲ್ಲಿ.

ಪೆನ್ಸಿಲ್ ಹಿಡಿದು ಮಗುವಿನ ಪ್ರತಿ ವಾಕ್ಯದ ಪಕ್ಕ ಬರೆಯಿರಿ: ಸಾ, ಹೆ ಅಥವಾ ಯಾ. ಮೂರು ವಾಕ್ಯಕ್ಕೆ ಒಂದಾದರೂ 'ಯಾ' ಇದ್ದರೆ ಸೇರಿಸಿ. ಒಂದೂ ಇಲ್ಲದಿದ್ದರೆ ಬೈಯಬೇಡಿ. 'ಹಾಗಂದಿದ್ರಿಂದ ಏನಾಯ್ತು?' ಎಂದು ಕೇಳಿ. ಬಾಯಲ್ಲಿ ಪಟಪಟ ಹೇಳಿದರೆ ಸೇರಿಸಿ, ಕ್ಲಾಸ್ ಇರುವುದೇ ಅದನ್ನು ಬರೆಯಲು ಕಲಿಸಲಿಕ್ಕೆ. ಎರಡೂ ಇಲ್ಲದೆ ಆಕಳಿಸಿದರೆ ಮಾಮೂಲಿ ಇಂಗ್ಲಿಷ್ ಸಾಕು. ನನ್ನ ಮಗನನ್ನು ಆಗ ಹೀಗೆ ಕೂರಿಸಿದ್ದರೆ ಪೂರ್ತಿ 'ಹೆ' ಬರುತ್ತಿತ್ತು. ಬೇಸಿಗೆ ಕ್ಯಾಂಪಿನವರು ಕೈಗೆ ಕೊಟ್ಟ ರೆಡಿಮೇಡ್ ಅಚ್ಚಿನಲ್ಲಿ ಈಥೋಸ್ (ನಂಬಿಕೆ), ಪೇಥೋಸ್ (ಭಾವನೆ), ಲೋಗೋಸ್ (ತರ್ಕ) ತುಂಬಿಸುವುದನ್ನೇ ಅವನು ಕಲಿತಿದ್ದ. ಅಂಥ ಕ್ಯಾಂಪಿಗೆ ದುಡ್ಡು ಸುರಿಯಬೇಡಿ. ಕಷ್ಟದ ಪದಗಳ ಪಟ್ಟಿ ತುಂಬಿದ ದಪ್ಪ ಪುಸ್ತಕಗಳೂ ಬೇಡ.

ಆಮೇಲೆ ಹೋದ ವರ್ಷ ಆ ಕ್ಲಾಸಿನಲ್ಲಿದ್ದ ಇಬ್ಬರು ಮಕ್ಕಳನ್ನು ಕೇಳಿ: ಬರೆದದ್ದಕ್ಕೆ ಟೀಚರ್ ಏನಾದರೂ ಬರೆದು ವಾಪಸ್ ಕೊಡುತ್ತಾರಾ, ಸುಮ್ನೆ ಅಂಕ ಹಾಕುತ್ತಾರಾ? ಸುಮ್ನೆ ಅಂಕ ಎಂದರೆ ನಾನಾದರೆ ಬಿಡುತ್ತೇನೆ.

ಅಂಥ ಕಡೆ ಕಮ್ಯುನಿಟಿ ಕಾಲೇಜಿನ (ಊರಿನ ಎರಡು ವರ್ಷದ ಸರಕಾರಿ ಕಾಲೇಜಿನ) ಇಂಗ್ಲಿಷ್ ಕೋರ್ಸ್ ಇನ್ನೊಂದು ದಾರಿ. ಹೈಸ್ಕೂಲಿನಲ್ಲಿದ್ದೇ ಮಾಡಬಹುದು. ಮೇ ತಿಂಗಳ ಒಂದೇ ಪರೀಕ್ಷೆಗೆ ಎಲ್ಲ ಗಂಟು ಬೀಳುವುದಿಲ್ಲ. ಆದರೆ ಅಲ್ಲಿ ಬಂದ ಗ್ರೇಡ್ ಕಾಲೇಜಿನ ದಾಖಲೆಯಲ್ಲಿ ಖಾಯಂ. 'ಸಿ' ಬಂದರೆ ಅದೂ.

ಸೇರಿಸಿದಿರೋ, ಪರೀಕ್ಷೆಗೆ ಹೆಸರು ಕೊಡುವ ಕೊನೆಯ ದಿನ ನವೆಂಬರ್‌ನಲ್ಲೇ ಬರುತ್ತದೆ, ಫೀ ಸುಮಾರು 100 ಡಾಲರ್. ಕ್ಲಾಸ್ ಬಿಡಲು ಕೊನೆಯ ದಿನ ಯಾವುದು ಎಂದು ಕೌನ್ಸೆಲರ್ ಹತ್ತಿರ ಈಗಲೇ ಕೇಳಿ ಫ್ರಿಜ್ ಮೇಲೆ ಅಂಟಿಸಿ. ಮಗಳು ಲ್ಯಾಂಗ್ ತಗೊಂಡಳು, ಲಿಟ್ ಬಿಟ್ಟಳು. ಆ ಚೀಟಿ ಇನ್ನೂ ನಮ್ಮ ಫ್ರಿಜ್ ಮೇಲೇ ಇದೆ, ಹಾಲಿನ ಲೆಕ್ಕದ ಪಕ್ಕ.