ಸಂಘದ ಲೆಕ್ಕ ಜೋರಾಗಿ ಓದಿ

ಹೆಂಗಸರು ಸಂಘ ಕಟ್ಟಿ ಉಳಿತಾಯ ಮಾಡಲಿ ಅಂತ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಶುರುವಾಗಿದ್ದು 2000-01ರಲ್ಲಿ. ನಮ್ಮೂರಿನ ಅಂಗನವಾಡಿ ಟೀಚರ್ ಸಂಘ ಮಾಡೋಣ ಅಂದಾಗ 2003. ಹದಿನಾರು ಜನ ಸೇರಿದೆವು. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದ್ದೆ ಅಂತ ಲೆಕ್ಕದ ಪುಸ್ತಕ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. ನಮ್ಮದು ಕೋಲಾರ ಜಿಲ್ಲೆ, ಆಂಧ್ರದ ಗಡಿ. ಮಂಗಳವಾರ ಸಂಜೆ ಡೈರಿಗೆ ಹಾಲು ಹಾಕಿ ಬಂದ ಮೇಲೆ ಸಭೆ. ವಾರಕ್ಕೆ ತಲಾ 10 ರೂಪಾಯಿ ಉಳಿತಾಯ.

ಊರಲ್ಲಿ ಕೈಸಾಲಕ್ಕೆ ತಿಂಗಳಿಗೆ ನೂರಕ್ಕೆ 5 ರೂಪಾಯಿ ಬಡ್ಡಿ. ನಾವು ಸಂಘದ ಉಳಿತಾಯದಿಂದ ಕೊಡುವ ಸಾಲಕ್ಕೆ 2 ರೂಪಾಯಿ ಇಟ್ಟೆವು. ಆ ಬಡ್ಡಿಯೂ ನಮ್ಮ ಪೆಟ್ಟಿಗೆಗೇ ಬರುತ್ತೆ ಅಲ್ವಾ! ಹಸುವಿಗೆ ಬೂಸಾ, ಮಗುವಿಗೆ ಜ್ವರ, ಸ್ಕೂಲ್ ಬ್ಯಾಗು, ಮೊದಲ ವರ್ಷದ ಸಾಲಗಳೆಲ್ಲ ಇಂಥವೇ. ನಡಾವಳಿ ಪುಸ್ತಕದಲ್ಲಿ ಸುಮ್ನೆ 'ಸ್ವ-ಉದ್ಯೋಗಕ್ಕೆ' ಅಂತ ಬರೀರಿ ಅಂದವರೂ ಇದ್ದರು. ನಾನು ಜ್ವರ ಅಂತಲೇ ಬರೆದೆ.

ನಾಲ್ಕನೇ ತಿಂಗಳಲ್ಲಿ ಒಂದು ಎಡವಟ್ಟು ಮಾಡಿಕೊಂಡೆ. ಒಬ್ಬರು ಎರಡು ವಾರದ 20 ರೂಪಾಯಿಯನ್ನು ಮಗಳ ಕೈಲಿ ನಮ್ಮನೆಗೆ ಕಳಿಸಿದ್ದರು. ನಾನು ಒಲೆ ಮುಂದೆ ಮುದ್ದೆ ತಿರುವುತ್ತಿದ್ದೆ. ದುಡ್ಡು ಪೆಟ್ಟಿಗೆಗೆ ಹಾಕಿದೆ, ಬರೆಯೋದು ಮರೆತೆ. ಮುಂದಿನ ಸಭೆಯಲ್ಲಿ ಅವರ ಹೆಸರಿಗೆ ಬಾಕಿ ಓದಿಬಿಟ್ಟೆ.

"ಕೊಟ್ಟಿದೀನಲ್ಲ ಅಕ್ಕಾ" ಅಂದರು.

ಎಲ್ಲರೂ ನನ್ನ ಮುಖ ನೋಡಿದರು. ಪೆಟ್ಟಿಗೆ ಚಾಪೆ ಮೇಲೆ ಸುರಿದು ಎಣಿಸಿದೆವು. 20 ರೂಪಾಯಿ ಜಾಸ್ತಿ ಇತ್ತು. ಕಡಿಮೆ ಬಂದಿದ್ದರೆ ಸಂಘ ಅವತ್ತೇ ಮುಗಿಯುತ್ತಿತ್ತು.

ಆವತ್ತಿನಿಂದ ಸಭೆಯ ಹೊರಗೆ ದುಡ್ಡು ಮುಟ್ಟೋ ಹಾಗಿಲ್ಲ. ಪ್ರತಿ ವಾರ ಒಬ್ಬೊಬ್ಬರೂ ತಮ್ಮ ಮೊತ್ತ ಬಾಯಿಬಿಟ್ಟು ಹೇಳಬೇಕು, ಆಮೇಲೆ ನಾನು ಪುಸ್ತಕ ನೋಡಿ ಜೋರಾಗಿ ಓದಬೇಕು. ಒಂಬತ್ತು ಜನಕ್ಕೆ ಅಕ್ಷರ ಬರುತ್ತಿರಲಿಲ್ಲ. ಕೆಲವರು ಎಣಿಸುತ್ತಿದ್ದುದೇ ತೆಲುಗಿನಲ್ಲಿ. ಆದರೆ ಅವರ ಬಾಯಿಲೆಕ್ಕ ಗಟ್ಟಿ. ಒಂದೇ ತಿಂಗಳಲ್ಲಿ ನನ್ನ ಎರಡು ತಪ್ಪು ಹಿಡಿದರು. ಸಭೆ ಅರ್ಧ ಗಂಟೆ ಜಾಸ್ತಿ ಎಳೆಯುತ್ತಿತ್ತು. ಗೊಣಗಾಟ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ.

ಖಾತೆ ತೆರೆಯಲು ಹೋದಾಗ ಬ್ಯಾಂಕಿನಲ್ಲಿ 'ಸಂಘ ರಿಜಿಸ್ಟರ್ ಆಗಿಲ್ಲ' ಅಂತ ವಾಪಸ್ ಕಳಿಸಿದರು. ರಿಜಿಸ್ಟರ್ ಆಗದ ಸ್ವಸಹಾಯ ಸಂಘಕ್ಕೂ ಉಳಿತಾಯ ಖಾತೆ ಕೊಡಬಹುದು. ಇಂಥ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸವನ್ನು ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ 1992ರಲ್ಲಿ ಶುರು ಮಾಡಿತ್ತು, ಅದು ನಡೆಯುವುದೇ ಹಾಗೆ. ಇದನ್ನು ತಿಳಿದುಕೊಂಡು, ಇಬ್ಬರು ಪ್ರತಿನಿಧಿಗಳನ್ನು ಕರೆದುಕೊಂಡು ಮತ್ತೆ ಹೋದೆ. ಖಾತೆ ಆಯಿತು. ಮುಂದೆ ಸಾಲ ಕೇಳಿದಾಗ ಅವರು ಪುಟ ತಿರುವಿ ನೋಡಿದ್ದು ಹಾಜರಿ ಮತ್ತು ಮರುಪಾವತಿ, ಎರಡನ್ನೇ.

ಇದೆಲ್ಲ ನಮ್ಮ ಪೆಟ್ಟಿಗೆಯ ಮಾತು. ಊರಿನ ಲೆಕ್ಕಕ್ಕೂ ಇದು ಹಬ್ಬುತ್ತೆ ಅಂತ ನಾನು ಅಂದುಕೊಂಡಿರಲಿಲ್ಲ. ಒಂದು ವರ್ಷ ಗ್ರಾಮಸಭೆಯಲ್ಲಿ ಖರ್ಚಿನ ಪಟ್ಟಿಯನ್ನು "ಓದಿದೆ ಅಂತ ತಿಳ್ಕೊಳ್ಳಿ" ಅಂತ ಮುಗಿಸಲು ಹೊರಟರು. ನಮ್ಮ ಸಂಘದ ಹಿರಿಯರೊಬ್ಬರು, ಹೆಬ್ಬೆಟ್ಟು ಒತ್ತುವವರು, ಎದ್ದು ನಿಂತರು.

"ಒಂದೊಂದಾಗಿ ಓದಿ ಸ್ವಾಮಿ. ಎಷ್ಟು ಅಂತಲೂ ಹೇಳಿ."

ಚರಂಡಿಯ ಸಾಲು ಬಂದಾಗ ಮತ್ತೆ ತಡೆದರು. "ಯಾವ ಬೀದೀದು ಅದು?"