ಲಿಬೂರ್ನ್: ಹೊಸದಾಗಿ ಬರುವ ಕನ್ನಡಿಗರಿಗೆ ಊರಿನ ಪರಿಚಯ

ವೈನಿಗೆ ಹೆಸರಾದ ಫ್ರಾನ್ಸಿನ ಬೋರ್ಡೊ ನಗರದಲ್ಲಿ ಕೆಲಸ ಸಿಕ್ಕಿ, ಅಲ್ಲಿನ ಬಾಡಿಗೆಗೆ ಬೆದರಿ, ರೈಲಿನಲ್ಲಿ ಅರ್ಧ ಗಂಟೆ ದೂರದ ಲಿಬೂರ್ನಿನಲ್ಲಿ ಮನೆ ನೋಡುವವರು ಮೊದಲು ಕೇಳುವುದು ದ್ರಾಕ್ಷಿತೋಟ ಎಲ್ಲಿದೆ ಎಂದು. ಹೆಸರಾಂತ ತೋಟಗಳಿರುವುದು ಸುತ್ತಲಿನ ಪೊಮೆರೋಲ್, ಸೇಂತ್ ಎಮಿಲಿಯೋಂ, ಫ್ರೋನ್ಸಾಕ್ ಕಡೆಗೆ. ಲಿಬೂರ್ನ್ ಮಾತ್ರ ಹುಟ್ಟಿನಿಂದಲೇ ವರ್ತಕರ ಊರು.

ಈ ಸೀಮೆ ಇಂಗ್ಲೆಂಡಿನ ದೊರೆಗಳ ಕೈಯಲ್ಲಿದ್ದಾಗ, 1270ರ ಸುಮಾರಿಗೆ, ದೊರೆಯ ಅಧಿಕಾರಿ ರೋಜರ್ ಡಿ ಲೇಬರ್ನ್ ಎಂಬಾತ ಇಲ್ ಮತ್ತು ದೊರ್ದೋನ್ ನದಿಗಳ ಸಂಗಮದಲ್ಲಿ ಇದನ್ನು ಕಟ್ಟಿಸಿದನು. ಅವನ ಹೆಸರೇ ಸ್ಥಳೀಯರ ಬಾಯಲ್ಲಿ ಸವೆದು ಲಿಬೂರ್ನ್ ಆಯಿತು. ಒಂದನ್ನೊಂದು ನೇರವಾಗಿ ಕತ್ತರಿಸುವ ಬೀದಿಗಳು, ನಡುವೆ ಕಮಾನುಸಾಲಿನ ಚೌಕ, ದಂಡೆಯಲ್ಲಿ ಕಾವಲು ಗೋಪುರ: ವೈನ್ ಪೀಪಾಯಿಗಳನ್ನು ಹಡಗಿಗೇರಿಸಲೆಂದೇ ಹಾಕಿದ ನಕ್ಷೆಯಿದು. 1453ರಲ್ಲಿ ನದಿಯ ಮೇಲ್ಭಾಗದ ಕಾಸ್ತಿಯೋಂ ಕಾಳಗದಲ್ಲಿ ಸೋತು ಇಂಗ್ಲಿಷರು ಹೋದರು, ವ್ಯಾಪಾರ ಉಳಿಯಿತು.

ಆದರೂ ಬೋರ್ಡೊದ ದಳ್ಳಾಳಿಗಳು 1855ರಲ್ಲಿ ಮಾಡಿದ ಶ್ರೇಷ್ಠ ವೈನ್‌ಗಳ ಪಟ್ಟಿಯಲ್ಲಿ ಲಿಬೂರ್ನ್ ಸುತ್ತಲಿನ ಒಂದು ತೋಟದ ಹೆಸರೂ ಇಲ್ಲ. ಇಲ್ಲಿನ ವೈನಿಗೆ ಉತ್ತರ ಫ್ರಾನ್ಸ್ ಮತ್ತು ಬೆಲ್ಜಿಯಂಗಳಲ್ಲಿ ಗಿರಾಕಿಗಳನ್ನು ಹುಡುಕಿಕೊಟ್ಟವರಲ್ಲಿ, ಬಡ ಗುಡ್ಡಗಾಡಾದ ಕೊರೇಜ಼್‌ನಿಂದ ಹೊಟ್ಟೆಪಾಡಿಗಾಗಿ ಬಂದವರು ಬಹಳ ಮಂದಿ. ಅವರಲ್ಲೊಬ್ಬರಾದ ಜ಼ಾಂ ಪಿಯೆರ್ ಮುಯೆಕ್ಸ್ 1937ರಲ್ಲಿ ಹೊಳೆದಂಡೆಯಲ್ಲಿ ಮಳಿಗೆ ತೆರೆದರು. ಪೊಮೆರೋಲ್ ಲೋಕಪ್ರಸಿದ್ಧವಾದುದರಲ್ಲಿ ಅವರ ಪಾಲು ದೊಡ್ಡದು. ಊರಿನವರು ಬಿಗುಮಾನದವರೆಂದು ಹೊಸಬರು ದೂರುವಾಗ ನನಗೆ ಈ ವಲಸಿಗರೇ ನೆನಪಾಗುತ್ತಾರೆ. ಅಂಗಡಿಗೆ ಕಾಲಿಡುತ್ತಲೇ ‘ಬೋಂಜೂರ್’ ಎನ್ನದೆ ಬೆಲೆ ಕೇಳಿದರೆ ಮಾತ್ರ ಬಿಗುಮಾನ ಖಂಡಿತ ಎದುರಾಗುತ್ತದೆ.

ಹೊಳೆಯನ್ನು ನಮ್ಮ ಕಾವೇರಿಯಂತೆ ಭಾವಿಸಬೇಡಿ. ಸಮುದ್ರ ದೂರವಿದ್ದರೂ ಉಬ್ಬರದ ವೇಳೆ ಕೆಸರು ಬಣ್ಣದ ನೀರು ಹಿಮ್ಮುಖವಾಗಿ ಹರಿಯುತ್ತದೆ. ದೊಡ್ಡ ಉಬ್ಬರಗಳಲ್ಲಿ ‘ಮಸ್ಕರೆ’ ಎಂಬ ಅಲೆಯೇ ನದಿಯನ್ನೇರಿ ಬರುತ್ತದೆ. ದಂಡೆಯ ಬಳಿ ಮನೆ ಹಿಡಿಯುವವರು ಪ್ರವಾಹದ ವಿಚಾರವನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಮಂಗಳವಾರ, ಶುಕ್ರವಾರ ಮತ್ತು ಭಾನುವಾರ ಬೆಳಗ್ಗೆ ಚೌಕದಲ್ಲಿ ಸಂತೆ ನೆರೆಯುತ್ತದೆ. ಊಟಕ್ಕೆ ಕರೆದವರಿಗೆ ನೀವು ವೈನ್ ಕುಡಿಯುವುದಿಲ್ಲವೆಂದು ನೇರವಾಗಿ ಹೇಳಬಹುದು, ಯಾರೂ ಬೇಸರಪಡುವುದಿಲ್ಲ. ಸಸ್ಯಾಹಾರಿಗಳು ಹೆಚ್ಚು ಎಚ್ಚರ ವಹಿಸಬೇಕಾದದ್ದು ‘ಲಾಂಪ್ರ್ವಾ’ ಎಂಬ ಖಾದ್ಯದ ವಿಷಯದಲ್ಲಿ: ತಟ್ಟೆಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಈರುಳ್ಳಿ ಜಾತಿಯ ತರಕಾರಿಯಾದರೂ, ಅದು ಹಾವುಮೀನಿನಂಥ ಜಲಚರವನ್ನು ಅದರದೇ ರಕ್ತ ಮತ್ತು ಕೆಂಪು ವೈನಿನಲ್ಲಿ ಬೇಯಿಸಿದ್ದು.